ಪರಿವಿಡಿ ಯಾರು ನೋಡುತ್ತಾರೆ?

ನಮ್ಮ ಕನ್ನಡ ಪುಸ್ತಕಗಳಲ್ಲಿ ತೀರ ಅನಾಥವಾದ ಪುಟ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಪರಿವಿಡಿ ಎನ್ನುತ್ತೇನೆ. ಮುಖಪುಟಕ್ಕೆ ಕಲಾವಿದರನ್ನು ಹುಡುಕುತ್ತೇವೆ. ಮುನ್ನುಡಿಗಾಗಿ ಹಿರಿಯರ ಮನೆಗೆ ಆರು ಸಲ ಅಲೆಯುತ್ತೇವೆ. ಹಿಂಬದಿಯ ಭಾವಚಿತ್ರಕ್ಕೆ ರೇಷ್ಮೆ ಸೀರೆ ಉಟ್ಟು ಸ್ಟುಡಿಯೋಗೆ ಹೋಗುತ್ತೇವೆ. ಪರಿವಿಡಿಗೆ ಮಾತ್ರ, ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ, ಡಿಟಿಪಿ ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ, ಹತ್ತು ನಿಮಿಷ. ಅದರ ಫಲ ನಮ್ಮ ನಮ್ಮ ಕಪಾಟಿನಲ್ಲೇ ಇದೆ. 57ನೆಯ ಪುಟದಲ್ಲಿದೆ ಎಂದು ಹೇಳಿದ ಪ್ರಬಂಧ 61ರಲ್ಲಿರುತ್ತದೆ. ಒಳಗೆ ‘ಅತ್ತೆಯ ಕೋಪ’ ಎಂದಿದ್ದದ್ದು ಪರಿವಿಡಿಯಲ್ಲಿ ‘ಅತ್ತೆಯ ತಾಪ’ ಆಗಿರುತ್ತದೆ. ಕೇಳಿದರೆ, “ಬಿಡಿ ಮೇಡಂ, ಪರಿವಿಡಿ ಯಾರು ನೋಡುತ್ತಾರೆ?” ಎಂಬ ಉತ್ತರ. ಈ ಉತ್ತರದ ಮೇಲೆಯೇ ನನ್ನ ಜಗಳ.

ಯಾರು ನೋಡುತ್ತಾರೆ? ನಾವು ನೋಡುತ್ತೇವೆ. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಾಲು ಚಾಚಿ ಕೂತು ಓದುವ ಭಾಗ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ. ಕುಕ್ಕರ್ ಮೂರನೆಯ ಸಲ ಕೂಗುವುದರೊಳಗೆ ಒಂದು ಪ್ರಬಂಧ, ಮಗು ಏಳುವುದರೊಳಗೆ ಒಂದು ಕಥೆ, ಬಸ್ಸು ಬರುವುದರೊಳಗೆ ಎರಡು ಪುಟ, ಹೀಗೆ ಹೊತ್ತು ಕದ್ದು ಓದುವವರು ನಾವು. ಅಂಥವರಿಗೆ ಪರಿವಿಡಿ ಅಲಂಕಾರವಲ್ಲ, ದಾರಿ. ಇನ್ನು ಅಡುಗೆ ಪುಸ್ತಕದ ಮಾತು ಬೇಡವೇ ಬೇಡ. ಹಬ್ಬದ ದಿನ ಒಂದು ಕೈಗೆ ಕಣಕ ಮೆತ್ತಿದೆ, ಇನ್ನೊಂದು ಕೈಯಲ್ಲಿ ಪುಸ್ತಕ ತೆರೆದರೆ ಹೋಳಿಗೆ ಇರಬೇಕಾದ ಪುಟದಲ್ಲಿ ಅಜೀರ್ಣಕ್ಕೆ ಶುಂಠಿ ಕಷಾಯ! ಮಾಡುವ ಮೊದಲೇ ಫಲಶ್ರುತಿ ಹೇಳಿದ ಹಾಗೆ.

ಪರಿವಿಡಿ ಎಂಬ ಮಾತು ಎಷ್ಟು ಚೆನ್ನಾಗಿದೆ ನೋಡಿ. ನಮ್ಮ ಹಳೆಯ ಕಾವ್ಯಗಳಲ್ಲಿ ಅದಕ್ಕೆ ಕ್ರಮ, ರೀತಿ ಎಂದು ಅರ್ಥ. ಒಂದರ ಹಿಂದೆ ಒಂದು, ಇರಬೇಕಾದದ್ದು ಇರಬೇಕಾದ ಕಡೆ ಇರುವುದೇ ಪರಿವಿಡಿ. ಆ ಹೆಸರಿನ ಪುಟದಲ್ಲೇ ಕ್ರಮ ತಪ್ಪಿದರೆ ಉಳಿದ ಇನ್ನೂರು ಪುಟಗಳನ್ನು ಯಾವ ನಂಬಿಕೆಯಿಂದ ಓದುವುದು?

ಇದಕ್ಕೆಲ್ಲ ಎಲ್ಲರೂ ಕೊಡುವ ಸಮಾಧಾನ ಒಂದೇ: “ಕಂಪ್ಯೂಟರ್ ತಪ್ಪು.” ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶಾಲೆಯ ವಾರ್ಷಿಕ ಸಂಚಿಕೆ, ಮಹಿಳಾ ಸಮಾಜದ ಸ್ಮರಣ ಸಂಚಿಕೆ, ಗೆಳತಿಯರ ಕಥಾಸಂಕಲನ ಎಂದು ಇಪ್ಪತ್ತೈದು ವರ್ಷಗಳಿಂದ ಡಿಟಿಪಿ ಅಂಗಡಿಗಳ ಪ್ಲಾಸ್ಟಿಕ್ ಕುರ್ಚಿ ಸವೆಸಿದವಳು ನಾನು. ನಾನು ಕಂಡ ಮಟ್ಟಿಗೆ ಯಂತ್ರ ತಾನಾಗಿ ಪುಟಸಂಖ್ಯೆ ತಪ್ಪಿದ್ದಿಲ್ಲ. ಯಂತ್ರವನ್ನು ಕೇಳದೆ ನಾವೇ ಕೈಯಿಂದ ಹಾಕಿದ ಸಂಖ್ಯೆ ತಪ್ಪುತ್ತದೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಮೊಳೆ ಜೋಡಿಸುವ ಕಾಲದಲ್ಲಿ ಏನಾಗುತ್ತಿತ್ತು ಎಂಬುದನ್ನು ನೆನೆಸಿಕೊಳ್ಳಿ. ಎಂಟೋ ಹದಿನಾರೋ ಪುಟದ ಒಂದು ಫಾರಂ ಜೋಡಿಸಿ, ಕರಡು ತಿದ್ದಿ, ಅಚ್ಚು ಹೊಡೆದು, ಮೊಳೆಗಳನ್ನು ಬಿಚ್ಚಿ ಮತ್ತೆ ಗೂಡುಗಳಿಗೆ ಹಾಕಿದ ಮೇಲೆ ಮುಂದಿನ ಫಾರಂ. ಮುನ್ನುಡಿ, ಅರಿಕೆ, ಪರಿವಿಡಿಯ ಪುಟಗಳನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸುತ್ತಿದ್ದರು. ಅಷ್ಟು ಹೊತ್ತಿಗೆ ಒಳಗಿನ ಪುಟಗಳು ಅಚ್ಚಾಗಿ ಮೂಲೆಯಲ್ಲಿ ಕಟ್ಟುಕಟ್ಟಾಗಿ ಕುಳಿತಿರುತ್ತಿದ್ದವು. ನೋಡಿ ಬರೆದುಕೊಂಡರೆ ಆಯಿತು. ಬ್ರಹ್ಮನೇ ಬಂದರೂ 57 ಮತ್ತೆ 61 ಆಗುವಂತಿರಲಿಲ್ಲ.

ಆಮೇಲೆ ಡಿಟಿಪಿ ಬಂತು. 1985ರಲ್ಲಿ ಆಲ್ಡಸ್ ಕಂಪನಿ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದಿತು. 1994ರಲ್ಲಿ ಆ ಕಂಪನಿ ಅಡೋಬಿಯ ಕೈ ಸೇರಿತು. ಶ್ರೀಲಿಪಿ, ಬರಹ, ನುಡಿಗಳ ಜೊತೆ ಅದು ನಮ್ಮ ಊರೂರಿಗೂ ಬಂತು. ಅದು ಕೊಟ್ಟ ದೊಡ್ಡ ವರವೆಂದರೆ ಕೊನೆಯ ಗಳಿಗೆಯವರೆಗೂ ಬದಲಾಯಿಸುವ ಸ್ವಾತಂತ್ರ್ಯ. ಒಂದು ಪ್ಯಾರಾ ಸೇರಿಸಿ, ಒಂದು ಚಿತ್ರ ತೆಗೆಯಿರಿ, ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಇಳಿಸಿ; ಪುಟಗಳು ತಾವಾಗಿಯೇ ಹಿಂದೆ ಮುಂದೆ ಸರಿದುಕೊಳ್ಳುತ್ತವೆ. ಪುಟ ಸರಿದರೆ ಪರಿವಿಡಿಯೂ ಸರಿಯಬೇಕಲ್ಲ? ಅದಕ್ಕೂ ವ್ಯವಸ್ಥೆ ಅದೇ ತಂತ್ರಾಂಶದಲ್ಲಿದೆ. 1990ರ ದಶಕದ ಪೇಜ್‌ಮೇಕರ್‌ನಲ್ಲೇ ಇತ್ತು. ನಾವು ಸ್ವಾತಂತ್ರ್ಯವನ್ನು ಎರಡೂ ಕೈಯಿಂದ ಬಾಚಿಕೊಂಡೆವು. ಅದರ ಜೊತೆಗೇ ಬಂದ ಕಟ್ಟಳೆಯನ್ನು ಮಾತ್ರ ಪೊಟ್ಟಣದಿಂದ ಬಿಚ್ಚಲೇ ಇಲ್ಲ. ರೋಗ ಇರುವುದು ಇಲ್ಲಿ.

ಆ ಕಟ್ಟಳೆ ಏನು? ತಂತ್ರಜ್ಞರ ಭಾಷೆ ಬೇಡ, ಶಾಲೆಯ ಭಾಷೆಯಲ್ಲೇ ಹೇಳುತ್ತೇನೆ. ಮೈದಾನದಲ್ಲಿ ಐನೂರು ಮಕ್ಕಳ ನಡುವೆ ಸೇವಾದಳದವರನ್ನು ಮಾತ್ರ ಮುಂದಕ್ಕೆ ಕರೆಯಬೇಕಾದರೆ ಪಿ.ಟಿ. ಮೇಷ್ಟ್ರು ಸಮವಸ್ತ್ರ ನೋಡಿ ಕರೆಯುತ್ತಾರೆ. ತಂತ್ರಾಂಶದಲ್ಲಿ ಸ್ಟೈಲ್ ಎಂಬುದು ಆ ಸಮವಸ್ತ್ರ. ‘ಶೀರ್ಷಿಕೆ’ ಎಂದು ಒಂದು ಸ್ಟೈಲ್ ಮಾಡಿ, ಪುಸ್ತಕದ ಪ್ರತಿ ತಲೆಬರಹಕ್ಕೂ ಅದನ್ನೇ ತೊಡಿಸಬೇಕು. ಪೇಜ್‌ಮೇಕರ್‌ನಲ್ಲಾದರೆ ಆ ಸ್ಟೈಲಿನ ಪ್ಯಾರಾ ವಿವರಗಳಲ್ಲಿ ಪರಿವಿಡಿಗೆ ಸೇರಿಸಬೇಕೆಂಬ ಚೌಕದಲ್ಲಿ ಗುರುತು ಹಾಕಬೇಕು. ಇನ್‌ಡಿಸೈನ್‌ನಲ್ಲಾದರೆ ಲೇಔಟ್ ಮೆನುವಿನಲ್ಲಿ ‘ಟೇಬಲ್ ಆಫ್ ಕಂಟೆಂಟ್ಸ್’ ತೆರೆದು ಆ ಸ್ಟೈಲಿನ ಹೆಸರು ಆರಿಸಬೇಕು. ಯಂತ್ರ ಪುಟಪುಟ ತಿರುವಿ, ಆ ಸಮವಸ್ತ್ರ ತೊಟ್ಟವರನ್ನೆಲ್ಲ ಹೆಸರು, ಪುಟಸಂಖ್ಯೆ ಸಹಿತ ಸಾಲಾಗಿ ತಂದು ನಿಲ್ಲಿಸುತ್ತದೆ. ನಮ್ಮವರು ಮಾಡುವುದೇನು? ಒಂದೊಂದು ತಲೆಬರಹವನ್ನೂ ಕೈಯಿಂದ ದಪ್ಪ ಮಾಡಿ, ಗಾತ್ರ ಹಿಗ್ಗಿಸಿ ಬಿಡುತ್ತಾರೆ. ನಮ್ಮ ಕಣ್ಣಿಗೆ ಅದು ತಲೆಬರಹ, ಯಂತ್ರದ ಕಣ್ಣಿಗೆ ಬಣ್ಣದ ಅಂಗಿ ಹಾಕಿದ ಇನ್ನೊಂದು ಸಾಲು. ಅದು ಕರೆಯುವುದಿಲ್ಲ. ಕರೆಯಲಿಲ್ಲ ಎಂದು ಯಂತ್ರವನ್ನು ಬೈದು, ಕೈಯಲ್ಲೇ ಟೈಪು ಮಾಡಲು ಕೂರುತ್ತಾರೆ.

“ಮಾಡಿ ನೋಡಿದೆವು ಮೇಡಂ, ಕನ್ನಡಕ್ಕೆ ಅದು ಬರುವುದಿಲ್ಲ, ಚಿತ್ರವಿಚಿತ್ರ ಅಕ್ಷರ ಬರುತ್ತದೆ” ಎನ್ನುವವರೂ ಇದ್ದಾರೆ. ಇದು ಅರ್ಧ ಸತ್ಯ. ನಮ್ಮ ಹಳೆಯ ಕನ್ನಡ ಫಾಂಟುಗಳಲ್ಲಿ ಕಾಣುವುದು ಕನ್ನಡ, ಒಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತ. ಪರಿವಿಡಿಗೆಂದು ಆರಿಸಿದ ಸ್ಟೈಲಿನಲ್ಲಿ ಇಂಗ್ಲಿಷ್ ಫಾಂಟ್ ಇದ್ದರೆ ವೇಷ ಕಳಚುತ್ತದೆ; ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ ಹೊತ್ತ ಪರದೇಶಿ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಹೆದರಬೇಕಾದದ್ದೇನೂ ಇಲ್ಲ. ಆ ಸ್ಟೈಲಿಗೂ ಒಳಪುಟದ ಕನ್ನಡ ಫಾಂಟನ್ನೇ ಕೊಟ್ಟರೆ ಮುಗಿಯಿತು. ಯೂನಿಕೋಡ್ ಕನ್ನಡದಲ್ಲಿ ತೊಂದರೆ ಬೇರೆ ರೂಪದ್ದು. 2012ರ ಸಿಎಸ್6ರಿಂದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ‘ವರ್ಲ್ಡ್ ರೆಡಿ’ ಎಂಬ ಜೋಡಣೆಯ ಆಯ್ಕೆ ಇದೆ. ಒಳಪುಟಗಳ ಸ್ಟೈಲಿಗೆ ಅದನ್ನು ಕೊಟ್ಟು ಪರಿವಿಡಿಯ ಸ್ಟೈಲಿಗೆ ಮರೆತರೆ ಒಳಗೆಲ್ಲ ಸರಿಯಿದ್ದು ಪರಿವಿಡಿಯಲ್ಲಿ ಮಾತ್ರ ಒತ್ತಕ್ಷರ ಕಳಚಿ ಬೀಳುತ್ತದೆ. ಅಲ್ಲೂ ಅದೇ ಆಯ್ಕೆ ಕೊಡಬೇಕು, ಅಷ್ಟೆ. ಒಂದು ನಿಮಿಷದ ಮದ್ದಿರುವ ಕಾಯಿಲೆಗೆ ಮೂವತ್ತು ವರ್ಷ ನರಳುವುದೇ?

ಇನ್ನು ಕೆಲವು ತೊಂದರೆಗಳು ನಮ್ಮ ಕೈಯಾರೆ ಮಾಡಿಕೊಂಡವು. ತಲೆಬರಹ ಉದ್ದವಾಯಿತು, ಎರಡು ಸಾಲಿನಲ್ಲಿ ಬರಲಿ ಎಂದು ನಡುವೆ ಎಂಟರ್ ಒತ್ತುತ್ತಾರೆ. ಯಂತ್ರ ಅದನ್ನು ಎರಡು ತಲೆಬರಹ ಎಂದು ತಿಳಿಯುತ್ತದೆ. ‘ನಮ್ಮೂರ ಕೆರೆಯೂ’ ಪುಟ 30, ‘ನನ್ನ ಬಾಲ್ಯವೂ’ ಪುಟ 30 ಎಂದು ಪರಿವಿಡಿಯಲ್ಲಿ ಒಂದು ಪ್ರಬಂಧ ಎರಡಾಗುತ್ತದೆ. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಸಾಲು ಮಾತ್ರ ಮುರಿಯುತ್ತದೆ, ತಲೆಬರಹ ಒಡೆಯುವುದಿಲ್ಲ. ತಲೆಬರಹದ ಕೆಳಗೆ ಜಾಗ ಬೇಕೆಂದು ಅದೇ ಸ್ಟೈಲಿನಲ್ಲಿ ಖಾಲಿ ಸಾಲುಗಳನ್ನು ಬಿಟ್ಟರೆ ಪರಿವಿಡಿಯಲ್ಲಿ ಹೆಸರಿಲ್ಲದ ಸಂಖ್ಯೆಗಳು ಬಂದು ಕೂರಬಹುದು. ಚೌಕಟ್ಟಿನಲ್ಲಿ ಹಿಡಿಸದೆ ಉಕ್ಕಿದ ಬರಹದೊಳಗೆ ತಲೆಬರಹ ಸಿಕ್ಕಿಕೊಂಡಿದ್ದರೆ ಅದು ಯಾವ ಪುಟದಲ್ಲೂ ಇಲ್ಲ. ಇಲ್ಲದ್ದಕ್ಕೆ ಸಂಖ್ಯೆ ಎಲ್ಲಿಂದ ಬರಬೇಕು? ಚೌಕಟ್ಟಿನ ತುದಿಯಲ್ಲಿ ಕೆಂಪು ಗುರುತು ಕೂಗಿ ಹೇಳುತ್ತಿರುತ್ತದೆ, ನೋಡುವವರಿಲ್ಲ. ಎಲ್ಲಕ್ಕಿಂತ ದೊಡ್ಡ ಶೋಕಿ ತಲೆಬರಹವನ್ನು ಕೋರೆಲ್‌ಡ್ರಾದಲ್ಲಿ ಬಳ್ಳಿ ಹೂವಿನೊಂದಿಗೆ ಚಿತ್ರವಾಗಿ ಬಿಡಿಸಿ ತಂದು ಅಂಟಿಸುವುದು. ಚಿತ್ರದೊಳಗಿನ ಅಕ್ಷರ ಪರಿವಿಡಿ ಮಾಡುವ ಯಂತ್ರಕ್ಕೆ ಕಾಣದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ. ಬಳ್ಳಿ ಬೇಕಾದರೆ ಚಿತ್ರವಾಗಿರಲಿ, ಹೆಸರು ಅಕ್ಷರವಾಗಿಯೇ ಇರಲಿ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ಗಂಡಾಂತರ ಉಳಿದಿರುತ್ತದೆ. ಅದರ ಹೆಸರು ತಡವಾಗಿ ಬಂದ ಮುನ್ನುಡಿ. ಎರಡು ಪುಟ ಎಂದು ಬಿಟ್ಟ ಜಾಗಕ್ಕೆ ಹಿರಿಯರು ಆರು ಪುಟ ಬರೆದು ಕಳಿಸುತ್ತಾರೆ. ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಮೊದಲಿನಿಂದಲೂ ಒಂದೇ ಎಣಿಕೆಯಲ್ಲಿ ಪುಟ ಹಾಕಿದ್ದರೆ ಪುಸ್ತಕವಿಡೀ ನಾಲ್ಕು ಪುಟ ಮುಂದೆ ಸರಿಯುತ್ತದೆ. ಕೈಯಲ್ಲಿ ಬರೆದ ಪರಿವಿಡಿ ಇದ್ದಲ್ಲೇ ಇರುತ್ತದೆ. ನಾನು ಮೊದಲು ಹೇಳಿದ 57 ಮತ್ತು 61ರ ಗುಟ್ಟು ಇದೇ. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಎಷ್ಟು ಸೊಗಸು! ಮುನ್ನುಡಿಯ ಭಾಗಕ್ಕೆ ರೋಮನ್ ಅಂಕಿಯ ಬೇರೆ ಎಣಿಕೆ, ಮೊದಲ ಲೇಖನದಿಂದ ಹೊಸದಾಗಿ 1. ಮುನ್ನುಡಿ ಆರಲ್ಲ, ಹದಿನಾರು ಪುಟವಾದರೂ ಒಳಗಿನವರಿಗೆ ಬಿಸಿ ತಟ್ಟುವುದಿಲ್ಲ. ಇನ್‌ಡಿಸೈನ್‌ನಲ್ಲಿ ಹೊಸ ವಿಭಾಗ ತೆರೆದು 1ರಿಂದ ಎಣಿಸು ಎಂದರೆ ಅದು ಎಣಿಸುತ್ತದೆ. ಪೇಜ್‌ಮೇಕರ್‌ನಲ್ಲಿ ಮುನ್ನುಡಿಯ ಭಾಗವನ್ನು ಬೇರೆ ಕಡತವಾಗಿ ಇಟ್ಟುಕೊಂಡರಾಯಿತು.

ಇನ್ನೊಂದು ಮಾತು. ಯಂತ್ರ ಮಾಡಿದ ಪರಿವಿಡಿ ಒಮ್ಮೆ ಬಂದರೆ ಮುಗಿಯಲಿಲ್ಲ. ಆಮೇಲೆ ಒಳಗೆ ಏನು ಬದಲಾಯಿಸಿದರೂ ಅದು ತಾನಾಗಿ ಬದಲಾಗದು. ಇನ್‌ಡಿಸೈನ್‌ನಲ್ಲಿ ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ‘ಅಪ್‌ಡೇಟ್’ ಕೊಡಬೇಕು. ಪೇಜ್‌ಮೇಕರ್‌ನಲ್ಲಿ ಮತ್ತೊಮ್ಮೆ ಮಾಡಿಸಿ ಹಳೆಯದರ ಜಾಗಕ್ಕೆ ಹಾಕಬೇಕು. ಅಕ್ಷರದೋಷ ಕಂಡರೆ ಪರಿವಿಡಿಯಲ್ಲೇ ತಿದ್ದಿ ಕೈ ತೊಳೆದುಕೊಳ್ಳುವವರಿಗೆ ಮುಂದಿನ ಅಪ್‌ಡೇಟ್ ಹಳೆಯ ದೋಷವನ್ನೇ ವಾಪಸು ತಂದುಕೊಡುತ್ತದೆ. ತಿದ್ದಬೇಕಾದದ್ದು ಒಳಗಿನ ತಲೆಬರಹವನ್ನು. ಕನ್ನಡಿಯಲ್ಲಿ ಕಂಡ ಕುಂಕುಮದ ಸೊಟ್ಟನ್ನು ಕನ್ನಡಿ ಒರೆಸಿ ಸರಿಪಡಿಸುತ್ತೇವೆಯೇ?

ಇಷ್ಟಕ್ಕೆ ಇಷ್ಟು ಆವೇಶವೇ ಎಂದು ನಿಮಗೆ ಅನ್ನಿಸಬಹುದು. ನನ್ನ ಆವೇಶಕ್ಕೆ ಕಾರಣ ಪುಟಸಂಖ್ಯೆಯೊಂದೇ ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಮಹಿಳೆಯರದೇ ಒಂದು ಬರಹಗಳ ಸಂಕಲನ ಬಂತು. ಇಪ್ಪತ್ತಕ್ಕೂ ಹೆಚ್ಚು ಜನ ಬರೆದಿದ್ದರು. ಅವರಲ್ಲಿ ಅಂಗನವಾಡಿಯಲ್ಲಿ ದುಡಿಯುವ ಒಬ್ಬಾಕೆ. ಹುಟ್ಟಿದ ಮೇಲೆ ಮೊದಲ ಸಲ ತನ್ನ ಹೆಸರು ಅಚ್ಚಿನಲ್ಲಿ ಬರುತ್ತದೆಂದು ಮನೆಯವರಿಗೆಲ್ಲ ಹೇಳಿಕೊಂಡಿದ್ದಳು. ಬಿಡುಗಡೆಯ ದಿನ ಪುಸ್ತಕ ಕೈಗೆ ಬಂದಾಗ ಅವಳ ಅತ್ತೆ, ಗಂಡ, ಮಕ್ಕಳು ಎಲ್ಲರೂ ಹುಡುಕಿದ್ದು ಪರಿವಿಡಿಯಲ್ಲೇ. ಅಲ್ಲಿ ಅವಳ ಹೆಸರಿಲ್ಲ. ಕೊನೆಯ ದಿನ ಸೇರಿಸಿದ ಲೇಖನವದು. ಒಳಗೆ ಇತ್ತು, ಕೈಯಲ್ಲಿ ಟೈಪು ಮಾಡಿದ ಪಟ್ಟಿಯಲ್ಲಿ ಇರಲಿಲ್ಲ. “ಬಿಡಿ ಟೀಚರ್, ಒಳಗಿದೆಯಲ್ಲ” ಎಂದು ಆಕೆಯೇ ನನಗೆ ಸಮಾಧಾನ ಹೇಳಿದಳು. ಒಳಗಿದ್ದೂ ಪಟ್ಟಿಯಲ್ಲಿಲ್ಲದಿರುವುದು ನಮಗೆ ಹೆಂಗಸರಿಗೆ ಹೊಸದಲ್ಲ. ಮನೆಯೆಲ್ಲ ನಮ್ಮ ಕೈಯಲ್ಲಿ ನಡೆಯುತ್ತದೆ, ಮನೆಯ ಹೊರಗಿನ ಫಲಕದಲ್ಲಿ ನಮ್ಮ ಹೆಸರಿರುವುದಿಲ್ಲ. ಪುಸ್ತಕದಲ್ಲೂ ಅದೇ ಆಗಬೇಕೇ? ಗ್ರಂಥಾಲಯದಲ್ಲಿ ಆ ಸಂಕಲನ ತೆರೆದವರು, ನಾಳೆ ನಮ್ಮ ಜಿಲ್ಲೆಯ ಲೇಖಕಿಯರ ಪಟ್ಟಿ ಮಾಡುವವರು ಮೊದಲು ನೋಡುವುದು ಪರಿವಿಡಿಯನ್ನು. ಅಲ್ಲಿ ಬಿಟ್ಟುಹೋದವಳು ಎಲ್ಲ ಕಡೆಯೂ ಬಿಟ್ಟುಹೋಗುತ್ತಾಳೆ.

ಇದಕ್ಕೂ ಯಂತ್ರದಲ್ಲಿ ಪರಿಹಾರವಿದೆ ಎಂಬುದೇ ನನ್ನ ಸಿಟ್ಟಿಗೆ ತುಪ್ಪ ಸುರಿಯುವ ಸಂಗತಿ. ತಲೆಬರಹಕ್ಕೆ ಒಂದು ಸ್ಟೈಲ್ ಕೊಟ್ಟಂತೆ ಲೇಖಕಿಯ ಹೆಸರಿಗೂ ಒಂದು ಸ್ಟೈಲ್ ಕೊಡಿ. ಇನ್‌ಡಿಸೈನ್‌ನಲ್ಲಿ ಪರಿವಿಡಿಗೆ ಎರಡನ್ನೂ ಸೇರಿಸಿ, ಹೆಸರಿನ ಮುಂದೆ ಪುಟಸಂಖ್ಯೆ ಬೇಡ ಎಂದು ಆರಿಸಿದರೆ ಲೇಖನ, ಪುಟ, ಬರೆದವರು ಎಲ್ಲವೂ ಬರುತ್ತವೆ. ಕೊನೆಯ ದಿನ ಸೇರಿದವಳೂ ಬರುತ್ತಾಳೆ. ಯಂತ್ರಕ್ಕೆ ಮೊದಲು ಬಂದವಳು, ತಡವಾಗಿ ಬಂದವಳು, ದೊಡ್ಡ ಮನೆಯವಳು, ಅಂಗನವಾಡಿಯವಳು ಎಂಬ ಭೇದವಿಲ್ಲ.

ಹೀಗೆಲ್ಲ ಆದಾಗ ಬೈಗುಳ ಯಾರಿಗೆ? ಪರದೆಯ ಮುಂದೆ ಕುಳಿತ ಹುಡುಗಿಗೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ನಾನು ಕಂಡವರಲ್ಲಿ ಹೆಚ್ಚಿನವರು ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಪ್ರಶ್ನೆಪತ್ರಿಕೆಗಳ ನಡುವೆ ನಮ್ಮ ಪುಸ್ತಕವನ್ನೂ ಮಾಡುತ್ತಾರೆ. ಪುಟದ ಲೆಕ್ಕದಲ್ಲಿ ಕೂಲಿ. ಇಪ್ಪತ್ತು ಸಲ ತಿದ್ದಿದರೂ ಅದು ಒಂದೇ ಪುಟ. ಅವರಿಗೆ ಬೇಗ ಟೈಪು ಮಾಡಲು ಕಲಿಸುತ್ತಾರೆ, ಸ್ಟೈಲ್ ಬಳಸಲು ಕಲಿಸುವುದಿಲ್ಲ. “ಸ್ಟೈಲ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಯೇ ಇಲ್ಲ ಮೇಡಂ” ಎಂದು ಒಬ್ಬಳು ಹೇಳಿದಾಗ ನನಗೆ ಅವಳ ಮೇಲಲ್ಲ, ಅವಳಿಂದ ಸಾವಿರ ಫೀಸು ಪಡೆದು ಪ್ರಮಾಣಪತ್ರ ಕೊಟ್ಟವರ ಮೇಲೆ ಕೋಪ ಬಂತು. ತೋರಿಸಿಕೊಟ್ಟರೆ ಅರ್ಧ ಗಂಟೆಯಲ್ಲಿ ಕಲಿತಳು.

ಮಾಲೀಕರು ಹೇಳುತ್ತಾರೆ: “ಅದಕ್ಕೆಲ್ಲ ಟೈಮ್ ಎಲ್ಲಿದೆ ಮೇಡಮ್ಮೋರೆ?” ಲೆಕ್ಕ ಹಾಕೋಣ. ಮೂವತ್ತು ಲೇಖನಗಳ ಪುಸ್ತಕಕ್ಕೆ ಸ್ಟೈಲ್ ತೊಡಿಸಲು ಮೂವತ್ತು ಕ್ಲಿಕ್. ಕೈಯಿಂದ ಪರಿವಿಡಿ ಮಾಡುವವರು ಮೂವತ್ತು ಹೆಸರು ಮತ್ತೆ ಟೈಪು ಮಾಡಿ, ಪುಟ ತಿರುವಿ ಸಂಖ್ಯೆ ಬರೆದು, ಚುಕ್ಕಿ ಒತ್ತಿ ಒತ್ತಿ ಅಂಚಿಗೆ ಜೋಡಿಸಿ, ಪುಟ ಸರಿದಾಗಲೆಲ್ಲ ಇದನ್ನೇ ಮತ್ತೆ ಮಾಡಬೇಕು. ಯಾವುದಕ್ಕೆ ಹೆಚ್ಚು ಹೊತ್ತು? ಹೊಸ ತಂತ್ರಾಂಶ ದುಬಾರಿ ಎಂಬ ಮಾತೂ ನಿಲ್ಲದು. ಕಾಸಿಲ್ಲದೆ ಸಿಗುವ ಲಿಬ್ರೆ ಆಫೀಸ್ ಕೂಡ ತಲೆಬರಹಗಳಿಂದ ಪರಿವಿಡಿ ಮಾಡಿಕೊಡುತ್ತದೆ, ಅದೂ ಯೂನಿಕೋಡ್ ಕನ್ನಡದಲ್ಲಿ.

“ಈಗೆಲ್ಲ ಮೊಬೈಲಿನಲ್ಲಿ ಓದುತ್ತಾರೆ, ಪರಿವಿಡಿ ಯಾಕೆ?” ಎನ್ನುವ ಹೊಸ ಜಾಣರಿಗೂ ಒಂದು ಮಾತು. ಮೊಬೈಲಿನಲ್ಲೇ ಅದು ಹೆಚ್ಚು ಬೇಕು. ಅಚ್ಚಿನ ಪುಸ್ತಕವನ್ನು ಹೆಬ್ಬೆರಳಲ್ಲಿ ಸರಸರ ಬಿಡಿಸಿ ಹುಡುಕಬಹುದು. ಇನ್ನೂರು ಪುಟದ ಪಿಡಿಎಫ್ ಕಡತವನ್ನು ಬೆರಳಲ್ಲಿ ತಳ್ಳುತ್ತ ಕೂತರೆ ಬೆಳಗಾಗುತ್ತದೆ. ಸರಿಯಾಗಿ ಮಾಡಿದ ಪರಿವಿಡಿಯಿಂದ ಹೆಸರು ಮುಟ್ಟಿದರೆ ಪುಟ ತೆರೆಯುವ ಕೊಂಡಿಗಳನ್ನೂ ಪಡೆಯಬಹುದು. ಇ-ಪಬ್ ರೂಪದ ಪುಸ್ತಕಕ್ಕೆ ಪರಿವಿಡಿ ಕಡ್ಡಾಯ. ಕಣ್ಣು ಕಾಣದವರು ಪುಸ್ತಕವನ್ನು ಯಂತ್ರದಿಂದ ಓದಿಸಿ ಕೇಳುವಾಗ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತಾರೆ. ಬರಹ ಯೂನಿಕೋಡ್‌ನಲ್ಲಿದ್ದು ತಲೆಬರಹ ತಲೆಬರಹವೆಂದೇ ಗುರುತಾಗಿದ್ದರೆ ಮಾತ್ರ ಅದು ಸಾಧ್ಯ. ಕೈಯಿಂದ ದಪ್ಪ ಮಾಡಿದ ಅಕ್ಷರ ಅವರಿಗೆ ಯಾವ ದಪ್ಪ?

ಆದ್ದರಿಂದ ಸಂಚಿಕೆ ತರುವ, ಸಂಕಲನ ಮಾಡುವ, ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸುವ ನನ್ನ ಅಕ್ಕತಂಗಿಯರಲ್ಲಿ ನನ್ನ ಕೇಳಿಕೆ ಇಷ್ಟು. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ ನೋಡುವ ನಾವು ಪುಸ್ತಕ ಒಪ್ಪಿಸುವಾಗ ಮೊದಲ ದಿನವೇ ಹೇಳೋಣ: ತಲೆಬರಹಕ್ಕೂ ಹೆಸರಿಗೂ ಸ್ಟೈಲ್ ಕೊಡಬೇಕು, ಮುನ್ನುಡಿಗೆ ಬೇರೆ ಎಣಿಕೆ ಇರಬೇಕು, ಪರಿವಿಡಿಯನ್ನು ಯಂತ್ರವೇ ಮಾಡಬೇಕು. ಕೊನೆಯ ಕರಡು ಬಂದಾಗ ಅಂಗಡಿಯಲ್ಲೇ ಕುಳಿತು ಒಮ್ಮೆ ಅಪ್‌ಡೇಟ್ ಕೊಡಿಸಿ, ಒಂದೊಂದು ಸಾಲನ್ನೂ ಒಳಪುಟದೊಂದಿಗೆ ಬೆರಳಿಟ್ಟು ಹೋಲಿಸೋಣ. ಅದಕ್ಕೆ ಬೇಕಾದ್ದು ಅರ್ಧ ಗಂಟೆ. ಆ ಹುಡುಗಿಗೆ ಆ ಅರ್ಧ ಗಂಟೆಯ ಕೂಲಿಯನ್ನೂ ಕೊಡೋಣ. ತಪ್ಪು ಸಂಖ್ಯೆಯ ಪುಸ್ತಕ ಕೊಂಡರೆ ಪ್ರಕಾಶಕರಿಗೆ ಒಂದು ಪತ್ರ ಬರೆಯೋಣ. ಓದುವವರು ನೋಡುತ್ತಾರೆ ಎಂದು ಗೊತ್ತಾದರೆ ಮಾಡುವವರೂ ನೋಡುತ್ತಾರೆ. ಮುಂದಿನ ಸಲ ಯಾರಾದರೂ “ಪರಿವಿಡಿ ಯಾರು ನೋಡುತ್ತಾರೆ?” ಎಂದರೆ ಸುಮ್ಮನೆ ನಕ್ಕು ಬರಬೇಡಿ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಿ.